ಟವಲ್ಲಿನೊಳಗಿನ ಒಂಬತ್ತು

ದನದ ದಲ್ಲಾಳಿ ಎರ್ರೆಪ್ಪನ ತಲಿ ಆ ವಾರವೆಲ್ಲ ಮೊಸರುಗಡಿಗಿ ಆಗಿತ್ತು. ಇಪ್ಪತ್ತೈದು ವರ್ಷದಿಂದ ಸಂತಿಯೊಳಗ ಎಂತೆಂಥ ಕಿಲಾಡಿಗಳನ್ನ ದಾರಿಗಿ ತಂದ ಮನುಷ್ಯ. ಆದ್ರ ಅಂಗೈಯಷ್ಟು ಫೋನನ್ನ ಯಾವ ಕಡಿಂದ ಹಿಡೀಬೇಕು ಅನ್ನೋದ ಅವಗ ತಿಳೀಲಿಲ್ಲ.

ಸಂಗತಿ ಇಷ್ಟು. ಮಗಳು ಶಿವಗಂಗಾಗ ಹುಟ್ಟಿದಾಗಿನಿಂದ ಕಣ್ಣು ಕಾಣಂಗಿಲ್ಲ. ಆದ್ರ ಹುಡುಗಿ ಬಲೇ ಚುರುಕು. ಬಿ.ಎ. ಮುಗಿಸ್ಯಾಳ, ಫೋನು ಓದಿ ಹೇಳಿದ್ದನ್ನ ಕೇಳಿಕೊಂತ ಒಂದು ಆನ್‌ಲೈನ್ ಕೋರ್ಸೂ ಮಾಡ್ಯಾಳ. ಅದರ ಸರ್ಟಿಫಿಕೇಟ್ ತಂದುಕೊಟ್ರ ಹಗರಿಬೊಮ್ಮನಹಳ್ಳಿಯ ಒಂದು ಆಫೀಸಿನಾಗ ಕೆಲಸ ಖಾಯಂ; ಸೋಮವಾರದಿಂದನ ಬಾ ಅಂದಾರ. ಪರೀಕ್ಷೆಗೆ ಹತ್ತು ಪ್ರಶ್ನೆ, ಏಳು ಸರಿ ಬರಬೇಕು. ಆರು ಪ್ರಶ್ನೆ ಬರೇ ಮಾತಿನವು. ಫೋನು ಓದತೈತಿ, ಈಕಿ ಪಟಪಟ ಉತ್ತರ ಕೊಡ್ತಾಳ. ಉಳಿದ ನಾಕಕ್ಕ ಚಿತ್ರ ಅದಾವು. ಅಲ್ಲಿಗೆ ಬಂದ ಕೂಡ್ಲೆ ಫೋನು ‘ಚಿತ್ರ’ ಅಂತೈತಿ, ಬಾಯಿ ಮುಚ್ಚಿಕೊಂತೈತಿ. ಎಂಥ ಚಿತ್ರ, ಅದರಾಗ ಏನೈತಿ, ಒಂದೂ ಹೇಳಂಗಿಲ್ಲ. ಎರಡು ಸಲ ಬರದಾಳ, ಎರಡು ಸಲಾನೂ ಆರ ಬಂದಾವು. ಮೂರನೇದ ಕಡೀ ಸಲ.

ಕೋರ್ಸಿನವರಿಗೆ ಬರದು ಕೇಳಿದಳು. ‘ಚಿತ್ರ ನೋಡಿ ಹೇಳಲು ಕಣ್ಣು ಕಾಣುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ’ ಅಂತ ಉತ್ತರ ಬಂತು. ಪರೀಕ್ಷೆ ತೆರೆದ್ರ ಮೊದಲನೇ ಸಾಲೇ, ‘ಪಕ್ಕದಲ್ಲಿ ಯಾರೂ ಇರಬಾರದು, ಇನ್ನೊಬ್ಬರ ದನಿ ಕೇಳಿದರೆ ಪರೀಕ್ಷೆ ರದ್ದು’ ಅಂತೈತಿ.

“ಏನವ್ವ ಇದು? ಒಬ್ಬ ಕುಂದ್ರು ಅಂತಾನ, ಇನ್ನೊಬ್ಬ ಏಳು ಅಂತಾನ. ಇಬ್ರೂ ಒಂದ ಆಫೀಸಿನವರೇನು?”

“ಒಂದ ಆಫೀಸಪ್ಪ.”

“ಹಂಗಾರ ಸಂಜಿಗಿ ಒಂದ ಕಡಿ ಕುಂತು ಮಾತಾಡಬಾರದೇನು ಮೂಳರು!”

ಎರಡು ದಿನ ಅವಗ ಊಟ ಸೇರಲಿಲ್ಲ. ಅವರು ಹೇಳಿದ್ದನ್ನ ಮಾಡಿದ್ರ ಕಳ್ಳರಾಗ್ತೀವೋ, ಮಾಡದಿದ್ರ ದಡ್ಡರಾಗ್ತೀವೋ? ಕುಂತ್ರ ತಪ್ಪು, ನಿಂತ್ರ ತಪ್ಪು. ಕಡೀಕ ಹೆಂಡತಿ ಹುಲುಗಮ್ಮ ರೇಗಿದಳು. “ನಾಕ ಮಂದಿ ನಡುವ ಬಾಯಿ ಬಿಡದಂಗ ರೇಟು ಹೇಳೋನು ನೀನು. ಹೆತ್ತ ಮಗಳಿಗೆ ಹೇಳಾಕ ಬರಂಗಿಲ್ಲೇನು?”

ಹೌದಲ್ಲ! ಸಂತಿಯಾಗ ದಲ್ಲಾಳಿ ಟವಲ್ಲು ಮುಚ್ಚಿ ಗಿರಾಕಿ ಕೈ ಹಿಡೀತಾನ. ಒಂದು ಬೆರಳು ಹಿಡಿದ್ರ ಒಂದು, ಐದೂ ಹಿಡಿದ್ರ ಐದು, ಮತ್ತ ಮ್ಯಾಲ ನಾಕು ಹಿಡಿದ್ರ ಒಂಬತ್ತು. ಸುತ್ತ ನಿಂತವರಿಗೆ ಸುಳಿವೂ ಸಿಗಂಗಿಲ್ಲ. ಎರ್ರೆಪ್ಪಗ ಅಕ್ಷರ ಬರಂಗಿಲ್ಲ, ಅಂಕಿ ಬರತಾವ. ಅಷ್ಟು ಸಾಕಲ್ಲ! ಅಪ್ಪ ಮಗಳು ಕುಂತು ರೂಢಿ ಮಾಡಿದ್ರು.

“ಚಿತ್ರದಾಗ ಏನೈತಿ ಅಷ್ಟ ಹೇಳು. ಉತ್ತರ ನಂದು,” ಅಂದಳು ಶಿವಗಂಗಾ.

“ಪ್ರಶ್ನೆ ನಿನ್ನ ಕಿವ್ಯಾಗ ಇರತೈತಿ. ಉತ್ತರ ಹೇಳಾಕ ನಂಗೇನು ಮಣ್ಣು ತಿಳೀತೈತಿ?”

ಐತವಾರ ಹತ್ತು ಗಂಟಿಗೆ ಬಾಗಲ ಹಾಕಿದ್ರು. ಹುಲುಗಮ್ಮ ಹೊರಗ ಕುಂತು ಕೋಳಿ ಓಡಿಸಾಕ ಹತ್ತಿದಳು. ಸ್ಟೂಲಿನ ಮ್ಯಾಲ ಫೋನು, ಅದರ ಮುಂದ ಶಿವಗಂಗಾ, ಆಕಿ ತೊಡಿ ಮ್ಯಾಲ ಟವಲ್ಲು. ಕ್ಯಾಮೆರಾಕ್ಕ ಬೀಳದಂಗ ಎರ್ರೆಪ್ಪ ಗ್ವಾಡಿಗಿ ಅಂಟಿಕೊಂಡು, ಒಂದು ಕೈ ಟವಲ್ಲಿನ ಕೆಳಗ ಇಟ್ಟು, ಕುತಿಗಿ ಅಷ್ಟ ಚಾಚಿದ.

ಮೊದಲ ಆರು ಸರಸರ ಹೋದವು. ಆಮ್ಯಾಲ ಒಂದು ದುಂಡನೆ ಚಿತ್ರ ಬಂತು. ರೊಟ್ಟಿ ಹರದಂಗ ಬಣ್ಣಬಣ್ಣದ ತುಂಡು, ಒಂದು ಅಂಕೀನೂ ಇಲ್ಲ. ಮುಂದಿನ ಪ್ರಶ್ನೆಗೆ ಬರೇ ಬಾಣಗಳು. ಮೂರನೇ ಚಿತ್ರ ಏನಂತ ಆ ಶಿವನಿಗೇ ಗೊತ್ತು. ಬೆರಳಿನಾಗ ಬಾಣ ಹೆಂಗ ಹೇಳೋದು? ಮಗಳ ಅಂಗೈ ಮ್ಯಾಲ ಗೆರಿ ಎಳದ, ತಿಕ್ಕಿ ಅಳಿಸಿದ, ಮತ್ತ ಎಳದ. ಆಕಿ ಕೈ ಬೆವತು ಜಾರಾಕ ಹತ್ತಿತು. ಮೂರೂ ಹೋದವು.

ಕಡೀ ಪ್ರಶ್ನೆಗೆ ಐದು ಕಂಬ ಬಂದವು, ನೆತ್ತಿ ಮ್ಯಾಲ ಅಂಕಿ! ಎರ್ರೆಪ್ಪಗ ಹೋದ ಜೀವ ಬಂದಂಗಾತು. ನಾಕು. ಆರು. ಐದು. ಒಂಬತ್ತು. ಒಂಬತ್ತು ಅಂದ ಕೂಡ್ಲೆ, ಖಾತ್ರಿ ಮಾಡಿಕೊಳ್ಳಾಕೋ ಏನೋ, ಮಗಳು ಅವನ ಬೆರಳು ಗಟ್ಟಿಯಾಗಿ ಹಿಚುಕಿದಳು. ಸಂತಿಯಾಗ ಗಿರಾಕಿ ಹಿಚುಕಿದ್ರ ಅದಕ್ಕ ಒಂದ ಅರ್ಥ: ಜಾಸ್ತಿ ಆತು, ಇಳಿ. ಇಪ್ಪತ್ತೈದು ವರ್ಷ ಪಳಗಿದ ಕೈ, ಯಾರನ್ನೂ ಕೇಳಲಿಲ್ಲ, ಎಂಟಕ್ಕ ಇಳೀತು. ಕಡೀ ಕಂಬಕ್ಕ ಆರು ಹಿಡಿದ. ಶಿವಗಂಗಾ ಕೈ ಹೊರಗ ತಗೊಂಡಳು.

ಆಗ ಅವಗ ಎಚ್ಚರಾತು. ಅಯ್ಯ ಶಿವನ! ಒಂಬತ್ತಕ್ಕ ಎಂಟು ಹೇಳೀನಲ್ಲ! ಬಾಯಿ ಬಿಟ್ರ ಪರೀಕ್ಷೆ ರದ್ದು. ಬಿಡದಿದ್ರ ಮತ್ತ ಆರು, ಕೆಲಸಕ್ಕ ಎಳ್ಳು ನೀರು. ಒಂದು ಕಂಬ ಗಿಡ್ಡ ಆದ್ರ ಉತ್ತರ ಬದಲಾಗತೈತೋ ಇಲ್ಲೋ, ಅದೂ ಗೊತ್ತಿಲ್ಲ. ಮಗಳ ಕೈ ಹುಡುಕಿದ. ಎರಡೂ ಕೈ ಫೋನಿನ ಮ್ಯಾಲ ಅದಾವು. ಆಕಿ ಬೆರಳು ಒತ್ತಾಕ ಹೊಂಟಿತು. ಎರ್ರೆಪ್ಪ ಟವಲ್ಲಿನ ತುದಿ ಬಾಯಿಗಿ ತುರುಕಿಕೊಂಡು ಕಣ್ಣು ಮುಚ್ಚಿದ. ಫೋನು ಟುಣ್ ಅಂತು.

“ಮುಗೀತಪ್ಪ. ಈಗ ಮಾತಾಡು.”

“ಕೆಡಿಸಿಬಿಟ್ಟೆನವ್ವ…”

“ತಡಿ, ರಿಸಲ್ಟ್ ಬಂದೈತಿ. ಇದಕ್ಕೂ ‘ಚಿತ್ರ’ ಅಂತೈತಿ ನೋಡು ಈ ಫೋನು. ಏನೈತಿ ಹೇಳು.”

ಅವ ನೋಡಿದ. ಹಸಿರು ಪಟ್ಟಿ, ಬಳ್ಳಿ, ಹೂವು, ಸಾಲುಗಟ್ಲೆ ಅಕ್ಷರ. ನಡುವ ಒಂದು ದೊಡ್ಡ ಅಂಕಿ. ಕಣ್ಣು ಒರಸಿಕೊಂಡು ಮತ್ತ ನೋಡಿದ. ಮಗಳ ಕೈ ಹಿಡಿದು ಐದು ಬೆರಳು ಒತ್ತಿದ, ಆಮ್ಯಾಲ ಎರಡು.

ಶಿವಗಂಗಾ ಉಸರು ಬಿಟ್ಟಳು.

“ಆದ್ರ ನಾ ಎಂಟು ಅಂದಿದ್ನಲ್ಲವ್ವ!”

“ಮೊದಲು ಒಂಬತ್ತು ಅಂದಿ. ನಾ ಹಿಚುಕಿದ ಮ್ಯಾಲ ಎಂಟಾತು. ಹಿಚುಕಿದ್ರ ಕಂಬ ಗಿಡ್ಡ ಆಗತೈತೇನಪ್ಪ? ನಾನೂ ದಲ್ಲಾಳಿ ಮಗಳ ಅದೀನಿ.”

ಎರ್ರೆಪ್ಪ ನಗಾಕ ಹೋಗಿ ಅತ್ತುಬಿಟ್ಟ. ಆಕೀಗ ಇನ್ನೂ ನಂಬಿಕಿ ಬಂದಿದ್ದಿಲ್ಲ. “ಖರೇನ ಏಳು?” ಅಂತ ಅವನ ಬೆರಳು ಮತ್ತ ಹಿಚುಕಿದಳು, ಎಲುಬು ನೋಯೋ ಹಂಗ.

ಅವನ ಕೈ ಏಳರಿಂದ ಇಳೀಲಿಲ್ಲ.