ಪಕ್ಕದ ಮನೆಯ ಅಪ್ಪ

ಪಕ್ಕದ ಮನೆಯ ಬಾಗಿಲನ್ನು ಬೀಗದಂಗಡಿಯವನ ಮಗಳು ಕೈ ನೋಯುವಷ್ಟು ಬಡಿದಳು. ಕೊನೆಗೆ ನಿವೃತ್ತ ಬಸ್ ಕಂಡಕ್ಟರ್ ಚಿಲಕ ತೆಗೆದರು.

“ಮಾಮ, ಅಪ್ಪನ್ನ ಎತ್ತೋ ಹೊತ್ತಾಯ್ತು. ಚಟ್ಟಕ್ಕೆ ಮುಂದೆ ನೀವೇ ಹೆಗಲು ಕೊಡ್ಬೇಕು.”

“ನಿಮ್ಮಣ್ಣ ಇದಾನಲ್ಲಮ್ಮ. ನಿಮ್ಮಪ್ಪಂಗೂ ನಂಗೂ ಮಾತು ಬಿಟ್ಟು ಎಷ್ಟು ವರ್ಷ ಆಯ್ತು ಗೊತ್ತಿಲ್ವಾ? ಬರೀ ಹೊಟ್ಟೆಕಿಚ್ಚು ಅವನಿಗೆ. ನಾನು ಮಗನಿಗೆ ಸೈಕಲ್ ತಂದ್ರೆ ಅವನೂ ಸೈಕಲ್. ನಾನು ಮಕ್ಕಳ್ನ ಕೆರೆ ಹತ್ರ ಕರ್ಕೊಂಡು ಹೋದ್ರೆ ಅವನೂ ಹಿಂದೇನೇ. ಬೀಗ ರಿಪೇರಿ ಮಾಡೋನಿಗೆ ನನ್ನ ಮನೆ ಮೇಲೇ ಕಣ್ಣು!”

“ಹೌದು, ಕಣ್ಣಿತ್ತು. ಯಾಕೆ ಅಂತ ಕೇಳಿ. ನೀವು ಬರೋ ತನಕ ಎತ್ತಲ್ಲ” ಎಂದು ಅವಳು ಹೊಸಿಲ ಮೇಲೇ ಕೂತುಬಿಟ್ಟಳು. ಹಟದಲ್ಲಿ ಅಪ್ಪನ ಮಗಳೇ.

* * *

ಬೀಗದಂಗಡಿಯವನಿಗೆ ತನ್ನ ಅಪ್ಪನ ಮುಖವೇ ಗೊತ್ತಿರಲಿಲ್ಲ. ಇವನು ಹುಟ್ಟುವ ಮೊದಲೇ ತೀರಿಕೊಂಡಿದ್ದ. ಎಂಥ ಬೀಗವನ್ನಾದರೂ ಕಿವಿಗೊಟ್ಟು ತೆಗೆಯುತ್ತಿದ್ದವನು ಮೊದಲ ಮಗುವನ್ನು ಎತ್ತಿಕೊಂಡಾಗ ಬೆವೆತುಹೋದ. ಅಪ್ಪ ಎಂಬುವವನು ಏನು ಮಾಡುತ್ತಾನೆ? ಕೇಳಲು ನಾಚಿಕೆ. ಹಾಗಂತ ಬಿಡುವ ಆಸಾಮಿಯಲ್ಲ. ಕಿಟಕಿಯಲ್ಲಿ ನಿಂತು ಪಕ್ಕದ ಮನೆ ನೋಡಿ ಕಲಿತ. ಕಂಡಕ್ಟರ್ ಮಗನನ್ನು ಹೆಗಲೇರಿಸಿದರೆ ಇವನೂ ಏರಿಸಿದ. ಕಂಡಕ್ಟರರ ಮಗ ಲೆಕ್ಕದಲ್ಲಿ ಡುಮ್ಕಿ ಹೊಡೆದು ಬೈಸಿಕೊಂಡ ಸಂಜೆ, ಕ್ಲಾಸಿಗೇ ಮೊದಲು ಬಂದಿದ್ದ ಮಗಳು ಈ ಮನೆಯಲ್ಲಿ ಬೈಸಿಕೊಂಡಳು.

ಅಳುತ್ತಿದ್ದವಳ ಎದುರು ಅವನು ಆಮೇಲೆ ಬಂದು ಕುಕ್ಕರುಗಾಲಲ್ಲಿ ಕೂತ.

“ತಪ್ಪಾಯ್ತು ಕಣೇ. ಅವರು ಬೈದ್ರು, ಇವತ್ತು ಬೈಯೋ ದಿನ ಅಂದ್ಕೊಂಡೆ. ನಂಗೆ ಅಪ್ಪ ಇರ್ಲಿಲ್ಲ ನೋಡು. ನೋಡ್ಕೊಂಡು ಮಾಡ್ತಿದೀನಿ.”

* * *

ಹೊಸಿಲ ಮೇಲೆ ಕೂತೇ ಅವಳು ಅದನ್ನೆಲ್ಲ ಹೇಳಿ ಮುಗಿಸಿದಳು.

“ಮುಠ್ಠಾಳ” ಎಂದರು ಕಂಡಕ್ಟರ್. “ಬಾಯ್ಬಿಟ್ಟು ಹೇಳೋದಲ್ವಾ?”

“ಹೇಳಿದ್ರೆ ನೀವು ಕಿಟಕಿ ಮುಚ್ಕೋತೀರಿ ಅಂತ ಹೆದರಿಕೆ.”

“ನಂಗಾದ್ರೂ ಏನು ಮಹಾ ಗೊತ್ತಿತ್ತಮ್ಮ? ಎಲ್ಲಾ ಅಂದಾಜಿನ ಮೇಲೆ.”

ಅವರು ಟವೆಲ್ ಹುಡುಕಿಕೊಂಡು ಅವಳ ಹಿಂದೆ ನಡೆದರು. ಅಂಗಳದಲ್ಲಿ ಜನ ದಾರಿ ಬಿಟ್ಟರು. ಇಷ್ಟು ವರ್ಷ ಮಾತು ಬಿಟ್ಟವನ ಮುಖವನ್ನು ಬಗ್ಗಿ ನೋಡಿದಾಗ ಕಂಡಕ್ಟರರಿಗೆ ತಡೆಯಲಾಗದಷ್ಟು ಅಳು ಬಂತು, ಅತ್ತರು. ಆಮೇಲೆ ಮುಖ ಒರೆಸಿ, ಟವೆಲ್ ಮಡಿಸಿ ಹೆಗಲಿಗಿಟ್ಟುಕೊಂಡು ಚಟ್ಟದ ಮುಂದಿನ ತುದಿಗೆ ಬಂದು ನಿಂತರು.

ಇನ್ನೊಂದು ತುದಿಯಲ್ಲಿ ಸತ್ತವನ ಮಗ ನಿಂತಿದ್ದ. ಹೆಗಲಿಗೆ ಏನಿಡಬೇಕು, ಹೇಗೆ ಬಗ್ಗಬೇಕು, ಒಂದೂ ತೋಚದೆ ಅವನು ಕಂಡಕ್ಟರರ ಕಡೆ ಓರೆಗಣ್ಣಲ್ಲಿ ನೋಡುತ್ತಿದ್ದ.

ಕಂಡಕ್ಟರ್ ಅದನ್ನು ಕಂಡರು. ಹೆಗಲ ಮೇಲಿನ ಟವೆಲ್ ತೆಗೆದು ಪೂರ್ತಿ ಬಿಚ್ಚಿ, ಹುಡುಗನಿಗೆ ಕಾಣುವ ಹಾಗೆ ನಿಧಾನವಾಗಿ ಮತ್ತೆ ಮಡಿಸತೊಡಗಿದರು.