ಮೂರು ಗೆರೆಯ ಸೀಸೆಗಳು

ಐವತ್ತೇಳನೇ ಇಸವಿಯ ಒಂದು ಭಾನುವಾರ, ಪ್ರಯೋಗಾಲಯದ ಬೆಚ್ಚನೆಯ ಪೆಟ್ಟಿಗೆ ಕೆಟ್ಟಿತೆಂದು ನನ್ನ ಮಗಳು ಮಹಾನಂದ ನಾಲ್ಕು ಚಪ್ಪಟೆ ಸೀಸೆಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಚಾಮರಾಜಪೇಟೆಯ ಮನೆಗೆ ತಂದಳು. ಒಳಗಿದ್ದದ್ದು ಕ್ಯಾನ್ಸರ್ ಗೆಡ್ಡೆಯಿಂದ ತೆಗೆದು ಬೆಳೆಸಿದ ಜೀವಕೋಶಗಳಂತೆ. ಮೊಸರಿಗೆ ಹೆಪ್ಪು ಹಾಕಿಡುವ ಒಲೆಪಕ್ಕದ ಗೂಡಿನಲ್ಲಿ ಜಾಗ ಮಾಡಿಕೊಟ್ಟೆ.

"ಮದ್ದು ಬಿದ್ರೆ ಇವುಗಳ ಮೈಯೇ ಬದಲಾಗತ್ತಮ್ಮ. ಮದ್ದಿಲ್ದೇ ಇದ್ರೆ ದೋಸೆ ಥರ ನುಣ್ಣಗಿರತ್ತೆ. ಮದ್ದು ಜಾಸ್ತಿ ಆದ್ರೆ ಗುಳ್ಳೆ ಎದ್ದು ಹಾಗಲಕಾಯಿ."

ಗುರುತಿಗೆ ಸೀಮೆಸುಣ್ಣದ ಗೆರೆ ಎಳೆದಿದ್ದಳು. ಮದ್ದಿಲ್ಲದ್ದಕ್ಕೆ ಗೆರೆಯಿಲ್ಲ, ಮಿಕ್ಕವಕ್ಕೆ ಮದ್ದು ಹೆಚ್ಚಿದಂತೆ ಒಂದು, ಎರಡು, ಮೂರು. ಮರುದಿನ ಪ್ರೊಫೆಸರರಿಗೆ ಫಲ ತೋರಿಸಬೇಕು. ಸರಿ ಬಾರದಿದ್ದರೆ ಕೆಲಸ ಬಿಡಿಸುವುದಾಗಿ ನಮ್ಮ ಯಜಮಾನರು ಹೇಳಿಬಿಟ್ಟಿದ್ದರು.

ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದಾಗ ಮಗಳು ಚೀರಿದಳು. ನಾಲ್ಕೂ ಸೀಸೆಗೆ ಮೂರು ಮೂರು ಗೆರೆ!

ನಮ್ಮತ್ತೆ ಗುರುಬಸಮ್ಮ ಪೂಜೆ ಮುಗಿಸಿ ವಿಭೂತಿಗಟ್ಟಿ ಹಿಡಿದು ನಿಂತಿದ್ದರು. "ಒಂದಕ್ಕೆ ಒಂದೇ, ಇನ್ನೊಂದಕ್ಕೆ ಎರಡೇ. ಒಂದಂತೂ ಪಾಪ, ಬರೀ ಹಣೆ. ಎಲ್ಲಾ ಒರೆಸಿ ನಾನೇ ನೆಟ್ಟಗೆ ಇಟ್ಟೆ ಕಣೇ."

"ಅಜ್ಜೀ, ಅದು ಮದ್ದಿನ ಗುರುತು!"

ಮಗಳು ಗೂಡಿಗೆ ಒರಗಿ ಅತ್ತಳು. ಹಿಟ್ಟಿನ ಕೈಯಲ್ಲೇ ತಲೆ ಸವರಿ, "ಮೈ ಬದಲಾಗಿದ್ರೆ ನೋಡಿದ್ರೆ ಗೊತ್ತಾಗಲ್ವೇನೆ?" ಎಂದೆ. ಅಳು ಅರ್ಧಕ್ಕೇ ನಿಂತಿತು. ಕೂದಲಲ್ಲಿ ಹಿಟ್ಟಿಟ್ಟುಕೊಂಡೇ ಹೊರಟಳು. ಜಟಕಾದಲ್ಲಿ ನಾನೂ ಹೋದೆ.

ಪ್ರೊಫೆಸರ್ ಬದರೀನಾರಾಯಣರು ನಡೆದದ್ದು ಕೇಳಿ, ಸೀಸೆಗಳನ್ನು ನೋಡಿ, "ನಮ್ಮನೇಲಾಗಿದ್ರೆ ಇವಕ್ಕೆ ನಾಮ ಬಿದ್ದಿರ್ತಿತ್ತು," ಎಂದು ನಕ್ಕರು. "ಸರಿ, ಮದ್ದಿನ ಪ್ರಕಾರ ಜೋಡಿಸಮ್ಮ."

ಅವಳು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. "ಇದು ದೋಸೆ. ಇದು ಹಾಗಲಕಾಯಿ." ನಡುವಿನ ಎರಡನ್ನು ಮಾತ್ರ ತೆಗೆದು ಇಟ್ಟು, ಇಟ್ಟು ತೆಗೆದು, ಕೊನೆಗೆ ನಾಲ್ಕನ್ನೂ ಸಾಲಾಗಿ ಜೋಡಿಸಿದಳು.

ಮದ್ದು ಹಾಕಿದವರು ಪ್ರೊಫೆಸರರೇ. ಬಿರಡೆಗಳ ಅಡಿಯಲ್ಲಿ ತಮಗೆಂದು ಅಂಕಿ ಕೊರೆದುಕೊಂಡಿದ್ದರಂತೆ. ಒಂದೊಂದೇ ಬಿಚ್ಚಿ ನೋಡಿದರು.

"ನಾಲ್ಕೂ ಸರಿ! ಇನ್ಮೇಲೆ ಗುರುತು ಅಳಿಸೇ ನೋಡೋಣ. ಮೊದಲೇ ಗೊತ್ತಿತ್ತು ಅಂತ ಯಾರೂ ಅನ್ನಬಾರದು. ನಿಮ್ಮಜ್ಜಿಗೆ ಬಿಡುವಿರತ್ತಾ?"

ಸಂಜೆ ಯಜಮಾನರು ಎಲ್ಲ ಕೇಳಿ, "ನಾಳೆ ಅವಳ ಡಬ್ಬಿಗೆ ಏನು ಕಟ್ತೀಯ?" ಎಂದಷ್ಟೇ ಕೇಳಿದರು. ನನಗೆ ಅಷ್ಟೇ ಸಾಕಾಗಿತ್ತು.

ಅತ್ತೆ ಮಾತ್ರ ಯೋಚನೆಗೆ ಬಿದ್ದರು. "ಸ್ನಾನಕ್ಕೆ ಮುಂಚೆ ಮುಟ್ಟಲ್ಲ ಅಂತ ಹೇಳು ನಿಮ್ಮ ಮೇಷ್ಟ್ರಿಗೆ. ಮತ್ತೆ, ಸೀಸೆಗೆ ಹಣೆ ಯಾವ ಕಡೆ ಅಂತ ಅವರೇ ತೋರಿಸಿ ಕಳಿಸ್ಲಿ."