ಮೂರು ಇಟ್ಟಿಗೆಯ ತೂಕ

"ನೂರು! ಅಕ್ಕ, ನೂರು ತೋರಿಸ್ತಾ ಇದೆ!"

ಮೇಸ್ತ್ರಿ ಕೂಗಿದ ಕೂಗಿಗೆ ಗೇಟಿನ ತಗಡಿನ ಮೇಲೆ ಕೂತಿದ್ದ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದು ಹಾರಿದವು. ಬೆಳಗಿನ ಏಳೂವರೆ. ರಾತ್ರಿ ಪಾಳಿ ಮುಗಿಸಿದ ಎಂಟು ಹತ್ತು ಜನ ಲಾರಿ ತೂಗುವ ವೇಬ್ರಿಡ್ಜಿನ ಸುತ್ತ ನೆರೆದಿದ್ದರು. ನಲವತ್ತು ಟನ್ ಹೊತ್ತ ಲಾರಿಗಳು ಹತ್ತಿ ಇಳಿಯುವ ಆ ಉದ್ದನೆಯ ಕಬ್ಬಿಣದ ಹಾಸಿನ ನಟ್ಟನಡುವೆ, ಚಪ್ಪಲಿ ಬಿಟ್ಟು, ಉಸಿರು ಬಿಗಿಹಿಡಿದು ಒಬ್ಬಳೇ ಹೆಂಗಸು ನಿಂತಿದ್ದಳು. ಗುಮಾಸ್ತನ ಕಿಟಕಿಯ ಮೇಲೆ ಕೆಂಪು ಅಂಕಿಗಳಲ್ಲಿ ನಿಜಕ್ಕೂ ನೂರು ಎಂದಿತ್ತು. ಹೋದ ಶನಿವಾರ ಅದೇ ಜಾಗದಲ್ಲಿ ನೂರಾ ಇಪ್ಪತ್ತು ಎಂದಿತ್ತು. ಕಿಟಕಿಯ ಹಿಂದಿನ ಗುಮಾಸ್ತ ಏನೋ ಹೇಳಲು ಬಾಯಿ ತೆರೆದ, ಕುಣಿಯುತ್ತಿದ್ದ ಜನರನ್ನು ನೋಡಿದ, ಬಾಯಿ ಮುಚ್ಚಿಕೊಂಡ.

ಅವಳನ್ನು ಇಡೀ ಯಾರ್ಡು ಕರೆಯುವುದು ಮೇಲಿನಕ್ಕ ಎಂದು. ರೈಲಿನಿಂದ ಕಂಟೇನರ್ ಎತ್ತಿ ಲಾರಿಗಿಳಿಸುವ ದೊಡ್ಡ ಕ್ರೇನಿನ ತುದಿಯಲ್ಲಿ, ಹತ್ತಾಳೆತ್ತರದಲ್ಲಿ, ನಾಲ್ಕೂ ಕಡೆ ಗಾಜಿರುವ ಒಂದು ಕ್ಯಾಬಿನ್ ಇದೆ. ಹದಿನೆಂಟು ವರ್ಷದಿಂದ ರಾತ್ರಿ ಪಾಳಿಯಲ್ಲಿ ಅಲ್ಲಿ ಕೂರುವವಳು ಅವಳೇ. ಹೆಂಗಸು ಅಷ್ಟೆತ್ತರ ಹತ್ತುತ್ತಾಳೇ ಎಂದು ಮೂಗು ಮುರಿದವರ ಕಣ್ಣೆದುರೇ ಹತ್ತಿದವಳು. ಮೂಗು ಮುರಿದವರೆಲ್ಲ ನಿವೃತ್ತರಾಗಿ ಮನೆ ಸೇರಿದರು, ಇವಳು ಇಳಿಯಲಿಲ್ಲ. ಆದರೆ ಹನ್ನೆರಡು ಗಂಟೆ ಕೂತೇ ಮಾಡುವ ಕೆಲಸ, ನಿದ್ದೆ ಓಡಿಸಲು ರಾತ್ರಿಯೆಲ್ಲ ಬಾಯಾಡಿಸುವ ಅಭ್ಯಾಸ. ಮೈ ಕೇಳಬೇಕಲ್ಲ! ವರ್ಷಕ್ಕಿಷ್ಟು ಎಂದು ಸದ್ದಿಲ್ಲದೆ ಬೆಳೆದುಬಿಟ್ಟಿತ್ತು.

ಆರು ವಾರದ ಹಿಂದೆ ಕಚೇರಿಯಿಂದ ಒಂದು ಸುತ್ತೋಲೆ ಬಂದಿತ್ತು. ಇನ್ನು ನಾಲ್ಕು ತಿಂಗಳಿಗೆ ಏಣಿ ಹತ್ತುವವರಿಗೆಲ್ಲ ಹೊಸ ಸುರಕ್ಷತಾ ಬೆಲ್ಟು. ಅದು ತಡೆಯುವುದು ನೂರು ಕೆಜಿ. ಅದಕ್ಕಿಂತ ಹೆಚ್ಚು ತೂಗುವವರು ಹತ್ತುವಂತಿಲ್ಲ. ಸುತ್ತೋಲೆಯಲ್ಲಿ ಯಾರ ಹೆಸರೂ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ, ಏಣಿ ಹತ್ತುವವರ ಪೈಕಿ ನೂರು ದಾಟಿದವಳು ಅವಳೊಬ್ಬಳೇ. ಕ್ರೇನಿನಿಂದ ಇಳಿಸಿದರೆ ಗೇಟಿನ ಪಕ್ಕದ ಕೋಣೆಯಲ್ಲಿ ಲಾರಿ ನಂಬರು ಬರೆದುಕೊಂಡು ಕೂರಬೇಕು. ಆ ಕೋಣೆಗೆ ಕಿಟಕಿಯೂ ಇಲ್ಲ.

ಆ ದಿನದಿಂದ ಸಂಜೆಯ ಊಟ ಬಿಟ್ಟಳು. ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ನಡುರಾತ್ರಿಯವರೆಗೆ ನೀರು ಕುಡಿದೇ ಕಳೆದಳು. ಆದರೆ ಎರಡು ಗಂಟೆಗೆ ಬಕೆಟ್ ಬರುತ್ತಿತ್ತು. ಅದು ಈ ಯಾರ್ಡಿನ ಕಟ್ಟಳೆ. ಕೆಳಗಿನವರು ಕೂತು ತಿನ್ನುವಾಗ ಮೇಲಿನವಳ ಪಾಲನ್ನು ಬಕೆಟ್ಟಿಗೆ ಹಾಕುತ್ತಾರೆ, ಅವಳು ಹಗ್ಗ ಎಳೆದುಕೊಳ್ಳುತ್ತಾಳೆ, ಬಕೆಟ್ ಖಾಲಿಯಾಗಿ ಇಳಿಯಬೇಕು. ಉಳಿಸಿ ಕಳಿಸಿದರೆ ಕೊಟ್ಟವರ ಮುಖಕ್ಕೆ ಹೊಡೆದಂತೆ. ಬಕೆಟ್ಟಿನಲ್ಲಿ ಇರುತ್ತಿದ್ದದ್ದೋ, ಬೆಣ್ಣೆ ಸವರಿದ ಬನ್ನು, ಕರಿದ ಆಲೂಗಡ್ಡೆ, ಕ್ರೀಮು ಬಿಸ್ಕತ್ತು, ಸಕ್ಕರೆ ಸುರಿದ ಚಹಾ. ಎಂಟು ತಾಸು ಹಸಿದವಳು ತಳ ಕಾಣುವವರೆಗೂ ತಲೆ ಎತ್ತುತ್ತಿರಲಿಲ್ಲ.

ಇಷ್ಟಾದರೂ ನೂರು ತೋರಿಸಿತಲ್ಲ! ಆ ರಾತ್ರಿ ಮೇಸ್ತ್ರಿ ಎರಡು ಬಕೆಟ್ ಕಳಿಸಿದ. ಮರುದಿನವೂ ಹಬ್ಬವೇ. ಒಂದು ವಾರ ಹೀಗೆ ಮೆರೆದು, ಆ ನೂರನ್ನು ಅಧಿಕೃತವಾಗಿ ಬರೆಸಿಕೊಂಡು ಬರೋಣವೆಂದು ಅವಳು ಯಾರ್ಡಿನ ದವಾಖಾನೆಗೆ ಹೋದಳು. ನರ್ಸಮ್ಮ ಅವಳನ್ನು ಸಣ್ಣ ತಕ್ಕಡಿಯ ಮೇಲೆ ನಿಲ್ಲಿಸಿ ಬಗ್ಗಿ ನೋಡಿದರು.

"ನೂರಾ ಒಂಬತ್ತು."

"ನಿಮ್ಮ ತಕ್ಕಡಿ ಕೆಟ್ಟಿದೆ ನರ್ಸಮ್ಮ. ಹೋದ ವಾರ ನೂರಿತ್ತು."

"ಎಲ್ಲಿ ತೂಗಿಸ್ಕೊಂಡ್ರಿ?"

"ವೇಬ್ರಿಡ್ಜಲ್ಲಿ."

ನರ್ಸಮ್ಮನಿಗೆ ಬಂದ ನಗುವನ್ನು ಕೆಮ್ಮಿನಲ್ಲಿ ಮುಚ್ಚಬೇಕಾಯಿತು. "ಅಲ್ಲಮ್ಮ, ಅದು ಲಾರಿಗೆ ಇರೋದು. ಇಪ್ಪತ್ತು ಇಪ್ಪತ್ತು ಕೆಜಿ ಹಾರ್ಕೊಂಡು ಹೋಗುತ್ತೆ. ನೂರಾ ಹತ್ತರ ಮೇಲೆ ಒಂಚೂರು ಇದ್ರೂ ನೂರಾ ಇಪ್ಪತ್ತು, ಒಂಚೂರು ಕಮ್ಮಿ ಆದ್ರೆ ನೂರು. ಹೋದ ತಪಾಸಣೇಲಿ ಇಲ್ಲೇ ನೂರಾ ಹನ್ನೆರಡಿದ್ರಿ, ನೀವು ಇಳಿಸಿರೋದು ಬರೀ ಮೂರು ಕೆಜಿ."

ಮೇಲಿನಕ್ಕ ತಕ್ಕಡಿಯ ಮೇಲೆ ನಿಂತಲ್ಲೇ ಅತ್ತುಬಿಟ್ಟಳು. ಗಂಡು ಹೆಣ್ಣೆನ್ನದೆ ಇಡೀ ಯಾರ್ಡು ಹೆದರುವ ಹೆಂಗಸು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಚಿಕ್ಕ ಮಗುವಿನ ಹಾಗೆ ಬಿಕ್ಕಿದಳು. "ಹತ್ತೇ ವಾರ ಉಳಿದಿರೋದು. ನನ್ನ ಕೈಲಿ ಆಗಲ್ಲ. ಹಸಿವು ತಡ್ಕೊಂಡೂ ತಡ್ಕೊಂಡೂ ಸಾಕಾಗಿದೆ."

"ತಡ್ಕೊಳ್ಳಿ ಅಂತ ಯಾರು ಹೇಳಿದ್ರು?" ನರ್ಸಮ್ಮ ಅವಳ ಕೈಗೆ ನೀರು ಕೊಟ್ಟರು. "ತಿನ್ನಬೇಕು. ಊಟ ಬಿಡಬಾರದು. ಸಂಜೆ ಹೊಟ್ಟೆ ತುಂಬ ತರಕಾರಿ, ಬೇಳೆ ತಿಂದು ಹತ್ತಿ. ಆಮೇಲೆ ರಾತ್ರಿ ಎರಡು ಎರಡೂವರೆ ಗಂಟೆಗೊಂದ್ಸಲ ಒಂದಿಷ್ಟು. ಸೌತೆಕಾಯಿ, ಕ್ಯಾರೆಟ್ಟು, ಒಂದು ಹಿಡಿ ಹುರಿಗಡಲೆ, ಬೇಯಿಸಿದ ಮೊಟ್ಟೆ, ಒಂದು ಸೇಬು. ಎಣ್ಣೆ ಹಾಕ್ದೆ ಅರಳಿಸಿದ ಜೋಳ ಒಂದು ಬಟ್ಟಲು. ಚಹಾ ಕುಡೀರಿ, ಸಕ್ಕರೆ ಬೇಡ. ಹಸಿದು ಕೂತ್ರೆ ಎರಡು ಗಂಟೆಗೆ ರಾಕ್ಷಸಿ ಆಗ್ತೀರಿ, ಬಕೆಟ್ಟನ್ನೂ ಬಿಡಲ್ಲ."

ಮನೆಯಲ್ಲಿ ಅತ್ತೆಗೆ ಇದನ್ನು ಹೇಳಿದಾಗ ತರಕಾರಿ ಹೆಚ್ಚುತ್ತಿದ್ದ ಮುದುಕಿ ಚಾಕು ಕೆಳಗಿಟ್ಟು ಕಣ್ಣರಳಿಸಿದಳು. "ಸೌತೆಕಾಯಿ ತಿಂದ್ಕೊಂಡು ರಾತ್ರಿಯೆಲ್ಲ ಕಬ್ಬಿಣ ಎತ್ತೋದಾ? ನನ್ನ ಮನೆ ಸೊಸೆ ಏನು ಮೇಕೆಯಾ?"

"ಅತ್ತೆ, ಕೆಳಗೆ ಇಳಿಸ್ಬಿಡ್ತಾರೆ ನನ್ನ."

ಸೊಸೆ ಮೊದಲ ದಿನ ಕ್ರೇನ್ ಹತ್ತಿದಾಗ ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದವಳು ಅತ್ತೆ. ಎದ್ದು ಹೋಗಿ ಅಟ್ಟದಿಂದ ನಾಲ್ಕು ಸಣ್ಣ ಡಬ್ಬಿ ಇಳಿಸಿದಳು. ಓದು ಬರಹ ಬಾರದ ಆಕೆ ಮೊದಲ ಡಬ್ಬಿಗೆ ಒಂದು ರಬ್ಬರ್ ಬ್ಯಾಂಡು, ಎರಡನೆಯದಕ್ಕೆ ಎರಡು, ಹೀಗೆ ನಾಲ್ಕರವರೆಗೆ ಹಾಕಿದಳು. "ಇದೇ ಸಾಲಲ್ಲಿ ತಿನ್ನು. ಹಿಂದೆ ಮುಂದೆ ಮಾಡಿದ್ಯೋ, ನೋಡು ಮತ್ತೆ!" ಎಂದು ಬೆರಳು ಆಡಿಸಿದಳು.

ಡಬ್ಬಿಗಳೇನೋ ಸಿದ್ಧವಾದವು, ಬಕೆಟ್ಟನ್ನು ಏನು ಮಾಡುವುದು? ಆ ರಾತ್ರಿ ಎರಡು ಗಂಟೆಗೆ ಬಕೆಟ್ ಬಂತು. ಬನ್ನಿನ ಬೆಣ್ಣೆಯ ವಾಸನೆ ಕ್ಯಾಬಿನ್ನಿನ ತುಂಬ ಹರಡಿತು. ಅವಳು ಮುಖ ಆಚೆ ತಿರುಗಿಸಿ, ಬಾಯಲ್ಲಿ ಬಂದ ನೀರು ನುಂಗಿಕೊಂಡು, ಮುಟ್ಟದೆ ಹಾಗೇ ಇಳಿಸಿದಳು. ಕೆಳಗೆ ದೀಪದ ಬೆಳಕಿನಲ್ಲಿ ಮೇಸ್ತ್ರಿ ಬಕೆಟ್ಟಿನೊಳಗೆ ನೋಡಿದ್ದು, ಉಳಿದವರೂ ಬಂದು ನೋಡಿದ್ದು ಅಲ್ಲಿಂದಲೇ ಕಂಡಿತು. ಆಮೇಲೆ ವಾಕಿಟಾಕಿಯಲ್ಲಿ ಕೆಲಸದ ಮಾತು ಬಿಟ್ಟು ಒಂದು ಮಾತೂ ಬರಲಿಲ್ಲ. "ಎಡಕ್ಕೆ. ಇಳಿಸಿ. ಸಾಕು." ಹದಿನೈದು ವರ್ಷ ಅವಳ ಕಣ್ಣಾಗಿ ಕೆಳಗೆ ನಿಂತವನು, ಯಾರೋ ಹೊಸಬಳ ಜೊತೆ ಮಾತಾಡಿದ ಹಾಗೆ ಮಾತಾಡಿದ. ಮರುರಾತ್ರಿ ಬಕೆಟ್ ಬರಲೇ ಇಲ್ಲ.

ಅವಳಿಗೆ ತಡೆಯಲಾಗಲಿಲ್ಲ. ವಾಕಿಟಾಕಿಯ ಗುಂಡಿ ಒತ್ತಿದಳು. ಆ ಚಾನೆಲ್ಲಿನಲ್ಲಿ ಆಡಿದ್ದು ಗೇಟಿನ ಕಾವಲುಗಾರನಿಂದ ಹಿಡಿದು ರೈಲಿನ ಡ್ರೈವರಿನವರೆಗೆ ಎಲ್ಲರಿಗೂ ಕೇಳುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

"ಮೇಸ್ತ್ರಿ, ಕೇಳಪ್ಪ. ಎಲ್ಲರೂ ಕೇಳಿ. ನಾನು ನೂರಲ್ಲ, ನೂರಾ ಒಂಬತ್ತು. ದವಾಖಾನೆ ತಕ್ಕಡೀಲಿ ನೋಡಿದ್ದು. ಹತ್ತು ವಾರದಲ್ಲಿ ನೂರರೊಳಗೆ ಬರ್ಲಿಲ್ಲ ಅಂದ್ರೆ ನನ್ನ ಕೆಳಗೆ ಕೂರಿಸ್ತಾರೆ. ನನಗೆ ಕೆಳಗೆ ಕೂರೋಕೆ ಇಷ್ಟ ಇಲ್ಲ. ನೀವು ಕೊಟ್ಟಿದ್ದನ್ನ ಬೇಡ ಅಂದಿದ್ದು ಸೊಕ್ಕಿಗಲ್ಲ. ತಿಂದ್ರೆ ನಿಲ್ಲಿಸೋಕೆ ನನ್ನ ಕೈಲಾಗಲ್ಲ, ಅದಕ್ಕೆ."

ಗುಂಡಿ ಬಿಟ್ಟಳು. ಮೊದಲು ಬಂದದ್ದು ವೇಬ್ರಿಡ್ಜಿನ ಗುಮಾಸ್ತನ ದನಿ. "ಅಕ್ಕ, ತಪ್ಪು ನಂದು. ಅದು ಇಪ್ಪತ್ತರ ಲೆಕ್ಕ ಅಂತ ನನಗೆ ಗೊತ್ತಿತ್ತು. ನೀವೆಲ್ಲ ಕುಣೀತಾ ಇದ್ರಿ, ಹೇಳೋಕೆ ಬಾಯೇ ಬರ್ಲಿಲ್ಲ."

"ನಿನ್ನ ಬಾಯಿಗಿಷ್ಟು ಮಣ್ಣು!" ಎಂದ ಮೇಸ್ತ್ರಿ. ಆಮೇಲೆ ದನಿ ಇಳಿಸಿ, "ಅಕ್ಕ, ಮೊದ್ಲೇ ಹೇಳ್ಬಾರ್ದಿತ್ತಾ? ನಾವೇನು ಹೊರಗಿನವರಾ?" ಎಂದ.

ಮರುರಾತ್ರಿ ಎರಡು ಗಂಟೆಗೆ ಬಕೆಟ್ ಮೇಲೆ ಬಂತು. ಒಳಗೆ ಸೊಟ್ಟಪಟ್ಟ ಹೆಚ್ಚಿದ ಸೌತೆಕಾಯಿ, ಸಿಪ್ಪೆ ಸುಲಿಯುವಾಗ ಅರ್ಧ ಬಿಳಿಯೇ ಕಿತ್ತುಹೋದ ಒಂದು ಮೊಟ್ಟೆ. ಒಂದು ಹಿಡಿ ಹುರಿಗಡಲೆ ತನಗೆ ತೆಗೆದುಕೊಂಡು, ಅತ್ತೆಯ ಮೂರನೆಯ ಡಬ್ಬಿಯನ್ನು ಅವಳು ಅದೇ ಬಕೆಟ್ಟಿಗಿಟ್ಟು ಕೆಳಗಿಳಿಸಿದಳು. ಡಬ್ಬಿಯಲ್ಲಿದ್ದ ಹುರಿಗಡಲೆಯನ್ನು ಕೆಳಗಿನವರು ಮೊದಲು ಗೊಣಗುತ್ತಾ ತಿಂದರು, ಆಮೇಲೆ ಕಿತ್ತಾಡಿಕೊಂಡು ತಿಂದರು. ಬಾಯಾಡಿಸಲು ಏನೋ ಒಂದು ಬೇಕು, ಕಟಕಟ ಎಂದರೆ ನಿದ್ದೆಯೂ ಓಡುತ್ತದೆ ಎಂಬುದು ಒಂದು ವಾರದಲ್ಲಿ ಎಲ್ಲರಿಗೂ ತಿಳಿಯಿತು.

ಉಳಿದದ್ದು ತೂಕದ ಪ್ರಶ್ನೆ. ದಿನಾ ನರ್ಸಮ್ಮನ ಬಾಗಿಲು ತಟ್ಟಲು ಅವಳಿಗೆ ಮುಜುಗರ. ಮೇಸ್ತ್ರಿ ಗೋದಾಮಿನಿಂದ ಇಪ್ಪತ್ತೈದು ಕೆಜಿಯ ನಾಲ್ಕು ಉಪ್ಪಿನ ಮೂಟೆ ಹೊರಿಸಿಕೊಂಡು ಬಂದ. ದಪ್ಪ ಕೊಳವೆಯೊಂದನ್ನು ಅಲುಗದಂತೆ ಅಡ್ಡ ಮಲಗಿಸಿ, ಅದರ ಮೇಲೆ ಉದ್ದನೆಯ ಹಲಗೆ ಇಟ್ಟು, ಟೇಪು ಹಿಡಿದು ನಡುವನ್ನು ಗುರುತು ಮಾಡಿದ. ಒಂದು ತುದಿಗೆ ಮೂಟೆ, ಇನ್ನೊಂದು ತುದಿಗೆ ಮೇಲಿನಕ್ಕ.

"ನಿಮ್ಮ ಕಡೆ ಮೇಲೆದ್ರೆ ಗೆದ್ವಿ," ಎಂದ. "ಟನ್ನುಗಟ್ಲೆ ತೂಗಿಸೋ ನಮಗೆ ಒಂದು ಹೆಂಗಸಿನ ತೂಕ ನೋಡೋಕಾಗಲ್ವಾ?"

ಅವಳು ಕೂತಳು. ಹಲಗೆ ಧಡ್ ಎಂದು ನೆಲಕ್ಕೆ ಬಡಿದು ಅವಳು ಕುಕ್ಕರಿಸಿದಳು, ಆಚೆ ಮೂಟೆಗಳು ಗಾಳಿಯಲ್ಲಿ. ಯಾರೂ ನಗಲಿಲ್ಲ, ಮೊದಲು ನಕ್ಕವಳು ಅವಳೇ. ಮೇಸ್ತ್ರಿ ಮೂಟೆಗಳ ಮೇಲೆ ಒಂದೊಂದೇ ಇಟ್ಟಿಗೆ ಇಡುತ್ತಾ ಹೋದ. ಮೂರನೆಯದಕ್ಕೆ ಹಲಗೆ ಮಟ್ಟಕ್ಕೆ ಬಂತು.

"ಮೂರು ಇಟ್ಟಿಗೆ ಬಾಕಿ ಅಕ್ಕ. ಅಷ್ಟೇ."

ಅಂದಿನಿಂದ ಯಾರ್ಡಿನಲ್ಲಿ ಕುಶಲ ವಿಚಾರಿಸುವುದೇ ಹಾಗಾಯಿತು. "ಇಟ್ಟಿಗೆ ಎಷ್ಟಕ್ಕ?" ಎಂದು ರೈಲಿನ ಡ್ರೈವರ್ ಕೂಡ ಕೇಳುತ್ತಿದ್ದ. ನಾಲ್ಕನೆಯ ವಾರಕ್ಕೆ ಒಂದು ಇಟ್ಟಿಗೆ ಇಳಿಯಿತು, ಆರನೆಯ ವಾರಕ್ಕೆ ಎರಡನೆಯದು. ಆಮೇಲೆ ಹಲಗೆ ಹಟ ಹಿಡಿಯಿತು. ಏಳನೆಯ ವಾರ ಒಂದು ಇಟ್ಟಿಗೆ, ಎಂಟನೆಯ ವಾರ ಅದೇ ಒಂದು, ಒಂಬತ್ತಕ್ಕೂ ಅದೇ ಒಂದು. ಆ ಬೆಳಿಗ್ಗೆ ಅವಳು ಹಲಗೆಯ ಮೇಲಿಂದ ಏಳದೆ ಕೂತೇ ಇದ್ದಳು.

"ಒಂದು ಹಿಡಿ ಉಪ್ಪು ಜಾಸ್ತಿ ಹಾಕ್ಲಾ?" ಎಂದು ಮೇಸ್ತ್ರಿ ಮೆಲ್ಲಗೆ ಕೇಳಿದ.

"ಹಾಕಿದ್ರೆ ಕೈ ಮುರೀತೀನಿ."

ಮನೆಗೆ ಹೋಗಿ ಅತ್ತೆಯ ಎದುರು ಡಬ್ಬಿಗಳನ್ನು ಇಟ್ಟು, ಎಲ್ಲಿ ತಪ್ಪಿತು ಎಂದು ಕೂತಳು. ಅತ್ತೆ ತಲೆ ಬಗ್ಗಿಸಿದಳು. ಸೊಸೆ ಬಾಡಿದಳಲ್ಲ ಎಂದು ಮನಸ್ಸು ಕೇಳದೆ, ಮೂರು ವಾರದಿಂದ ಹುರಿಗಡಲೆಗೆ ಬೆಲ್ಲ, ತುಪ್ಪ ಹಾಕಿ ಹೊರಳಿಸುತ್ತಿದ್ದಳಂತೆ. ಸಂಜೆ ಬೇಳೆಗೂ ಎರಡು ಚಮಚ ತುಪ್ಪ. "ರುಚಿ ಬಂದಿದೆ ಅಂತ ನೀನೇ ಅಂದ್ಯಲ್ಲೇ!" ಎಂದು ಸೊಸೆಯ ಮೇಲೆಯೇ ರೇಗಿದಳು. ಸೊಸೆಗೆ ಸಿಟ್ಟು ಬರಬೇಕಿತ್ತು, ಬಂದದ್ದು ನಗು. ನಕ್ಕು ನಕ್ಕು ಇಬ್ಬರ ಕಣ್ಣಲ್ಲೂ ನೀರು ಬಂತು. ಆ ಸಂಜೆಯಿಂದ ತುಪ್ಪದ ಭರಣಿ ಪಕ್ಕದ ಮನೆ ಸೇರಿತು.

ಹತ್ತನೆಯ ವಾರ ಹಲಗೆಗೆ ಕೂರುವ ಮೊದಲೇ ಪರೀಕ್ಷೆಯ ದಿನ ಬಂದುಬಿಟ್ಟಿತು. ಸಂಜೆ ಐದಕ್ಕೆ ದವಾಖಾನೆ. ನರ್ಸಮ್ಮನ ಪಕ್ಕದಲ್ಲಿ ಕಚೇರಿಯವನೊಬ್ಬ ಕಾಗದ ಹಿಡಿದು ನಿಂತಿದ್ದ. ಬಾಗಿಲಾಚೆ ಮೇಸ್ತ್ರಿ, ಗುಮಾಸ್ತ, ರಾತ್ರಿ ಪಾಳಿಯವರೆಲ್ಲ. ಪಾಳಿಗಿನ್ನೂ ಎರಡು ಗಂಟೆ ಇದ್ದರೂ ಒಬ್ಬರೂ ಮನೆಯಲ್ಲಿ ಕೂತಿರಲಿಲ್ಲ. ಮೇಲಿನಕ್ಕ ಚಪ್ಪಲಿ ಬಿಟ್ಟಳು, ಸೊಂಟದ ಕೀಲಿಗೊಂಚಲು ತೆಗೆದಳು, ಬಳೆಗೆ ಕೈ ಹಾಕಿದಳು.

"ಬಳೆ ಇರ್ಲಿ ಬಿಡಿ," ಎಂದರು ನರ್ಸಮ್ಮ.

ಅಂಕಿಗಳು ಓಡಿದವು, ನಿಂತವು, ಮತ್ತೆ ಒಂದು ಸಲ ಅಲುಗಿ ನಿಂತವು. ಅವಳು ಕಣ್ಣು ಮುಚ್ಚಿಕೊಂಡಿದ್ದಳು.

"ತೊಂಬತ್ತೊಂಬತ್ತು ಪಾಯಿಂಟ್ ಎರಡು," ಎಂದರು ನರ್ಸಮ್ಮ ಜೋರಾಗಿ, ಬಾಗಿಲಾಚೆಗೂ ಕೇಳುವಂತೆ. "ಬಳೆ ಸಮೇತ!"

ಬಾಗಿಲಾಚೆ ಎದ್ದ ಬೊಬ್ಬೆಗೆ ಕಚೇರಿಯವನ ಕೈಯಿಂದ ಕಾಗದ ಜಾರಿತು. ಮೇಸ್ತ್ರಿ ಗುಮಾಸ್ತನನ್ನು ಎತ್ತಿಕೊಂಡು ಎರಡು ಸುತ್ತು ತಿರುಗಿಸಿದ. ಗಂಭೀರವಾಗಿ ಹೊರಬರಬೇಕೆಂದು ಅಂದುಕೊಂಡಿದ್ದ ಮೇಲಿನಕ್ಕ ಹೊಸ್ತಿಲಲ್ಲೇ ಎರಡೂ ಕೈ ಮೇಲೆತ್ತಿ, "ಗೆದ್ದೆ ಕಣ್ರೋ!" ಎಂದು ಕೂಗಿದಳು. ಆ ಕೂಗು ಕ್ರೇನಿನವರೆಗೂ ಹೋಗಿರಬೇಕು.

ಏಳು ಗಂಟೆಗೆ ಯಾರ್ಡಿನ ದೀಪಗಳು ಹತ್ತಿದವು. ಹೊಸ ಬೆಲ್ಟು ಕಟ್ಟಿಕೊಂಡು ಅವಳು ಏಣಿ ಹತ್ತಿದಳು. ಇಷ್ಟು ವಾರ ಆತಂಕದಲ್ಲಿ ಸೀಟಿನ ತುದಿಗೆ ಕೂರುತ್ತಿದ್ದವಳು, ಇಂದು ಬೆನ್ನು ಒರಗಿಸಿ ಕೂತು ಎರಡೂ ಕೈ ಚಾಚಿದಳು. ಹಿಡಿಕೆಗಳು ಒಂದು ಬೆರಳಿನಷ್ಟು ದೂರದಲ್ಲಿ ಉಳಿದವು. ಏನಾಯಿತೆಂದು ಮೊದಲು ತಿಳಿಯಲಿಲ್ಲ. ಆಮೇಲೆ ಬಗ್ಗಿ ಸೀಟಿನ ಕೆಳಗೆ ತಡಕಿದಳು. ಮೈ ಬೆಳೆದಂತೆಲ್ಲ ಸೀಟನ್ನು ಹಿಂದೆ ಸರಿಸಲು ಬಳಸಿದ್ದ ಸಣ್ಣ ಕಬ್ಬಿಣದ ಕೊಂಡಿ ಅಲ್ಲಿತ್ತು, ವರ್ಷಗಳ ಜಿಡ್ಡು ಹಿಡಿದು ಬಿಗಿದಿತ್ತು. ಅಂಗೈಯಿಂದ ಎರಡು ಸಲ ಗುದ್ದಿದಳು. ಸೀಟು ಕಿರ್ರೆಂದು ಒಂದು ಹಲ್ಲು ಮುಂದೆ ಸರಿಯಿತು. ಕೆಳಗಿನಿಂದ "ರೆಡೀನಾ ಅಕ್ಕ?" ಎಂದು ಮೇಸ್ತ್ರಿಯ ದನಿ ಬಂತು. ಅವಳು ಹಿಡಿಕೆಗಳನ್ನು ಹಿಡಿದಳು, ರೈಲಿನ ಮೇಲಿಂದ ಮೊದಲ ಕಂಟೇನರ್ ಮೆಲ್ಲಗೆ ಎದ್ದಿತು.